ಕಟ್ ಅಂದ ಮೇಲೆ

ಪರದೆಯ ಮೇಲೆ ಕ್ಯಾಂಟೀನ್ ಸೀನ್ ಬಂದದ್ದೇ ಹಾಲ್ ತುಂಬ ನಗು. ಸಂಗಮೇಶ್ ಮಾತ್ರ ಪರದೆ ಬಿಟ್ಟು ಮುಂದಿನ ಸಾಲಿನಲ್ಲಿದ್ದ ಇಂಪನಾಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ.

ತುಮಕೂರಿನಲ್ಲಿ ಓದುತ್ತಿದ್ದಾಗ ಗೆಳೆಯರೆಲ್ಲ ಸೇರಿ ಮೊಬೈಲಿನಲ್ಲೇ ತೆಗೆದ ಕಾಲೇಜ್ ಕಾಮಿಡಿ ಅದು. ಚಂದ್ರು ಡೈರೆಕ್ಟರ್. ಸಂಗಮೇಶನೇ ಹೀರೋ, ಅವನೇ ಎಡಿಟರ್. ಕುಣಿಗಲ್ಲಿನ ಇಂಪನಾ ಕೋಲಿಗೆ ಕಟ್ಟಿದ ಮೈಕ್ ಹಿಡಿಯುವವಳು. ಡಬ್ಬಿಂಗಿಗೆ ಗತಿಯಿರಲಿಲ್ಲ, ಮೈಕಿಗೆ ಬಿದ್ದದ್ದೇ ಸೌಂಡು. ಆದರೆ ಇಂಪನಾಗೆ ನಗು ತಡೆದು ಗೊತ್ತಿರಲಿಲ್ಲ. ತುಟಿ ಕಚ್ಚುವಳು, ಕಣ್ಣು ಮುಚ್ಚುವಳು, ಕೊನೆಗೆ ಕೋಲೇ ಕುಲುಕತೊಡಗುತ್ತಿತ್ತು.

"ಇನ್ನೊಂದ್ಸಲ ನಕ್ರೆ ಕುಣಿಗಲ್ ಬಸ್ ಹತ್ತಿಸ್ತೀನಿ ನೋಡೇ" ಎಂದು ಚಂದ್ರು ರೇಗುವನು.

"ನಗು ಇರ್ಲಿ ಬುಡೋ" ಎನ್ನುವಳು ಇಂಪನಾ. " ಇಂಥ ಸಿನಿಮಾ ಯಾಕೆ ಇಷ್ಟ ಆಗ್ತವೆ ಹೇಳು? ತಪ್ಪು ಮುಚ್ಚೋಕೆ ತೆಗೆಯೋರತ್ರ ದುಡ್ಡಿರಲ್ಲ. ಸುಣ್ಣ ಉದುರಿದ ಗೋಡೆ, ತೊದಲೋ ಹೀರೋ... ನಮ್ ಕಾಲೇಜೇ ಅನ್ಸುತ್ತೆ."

"ತೊದಲೋ ಹೀರೋ ಯಾರೇ?" ಎಂದ ಸಂಗಮೇಶ್.

"ಕನ್ನಡಿ ನೋಡ್ಕೊ ಹೋಗೋ" ಎಂದು ಓರೆಗಣ್ಣಲ್ಲಿ ನೋಡಿದ್ದಳು.

ಕ್ಯಾಂಟೀನ್ ಸೀನಿನ ದಿನ ಹೀರೋಯಿನ್ ಪಲ್ಲವಿ ಬರಲಿಲ್ಲ. "ಫ್ರೇಮಲ್ಲಿ ನೀನೊಬ್ನೇ ಕಣೋ. ಇಂಪನಾನ ನೋಡ್ಕೊಂಡು ಹೇಳ್ಬುಡು" ಎಂದ ಚಂದ್ರು.

ಸಂಗಮೇಶ್ ತಟ್ಟೆ ಇಡ್ಲಿ ಹಿಡಿದು ಅವಳನ್ನೇ ನೋಡುತ್ತ ಹೇಳಿದ: "ನೀನು ಹೂಂ ಅಂದ್ರೂ ನನ್ನ ಚಟ್ನಿ ನಿಂದೇ. ಇಲ್ಲ ಅಂದ್ರೂ ನಿಂದೇ."

ನಗಿಸಬೇಕಾದ ಮಾತು. ಅವನ ದನಿ ನಡುಗಿತು. ಕೋಲು ಅಲುಗಲಿಲ್ಲ.

"ಕಟ್!"

ಆ ಮೌನಕ್ಕೆ ಹೆದರಿ ಸಂಗಮೇಶ್ ಗಹಗಹಿಸಿ ನಕ್ಕುಬಿಟ್ಟ. ಇಂಪನಾ ಬಿಟ್ಟು ಎಲ್ಲರೂ ನಕ್ಕರು. ಅವಳಿಗೆ ಬೇಸರವಾಗಿದೆ ಎಂದುಕೊಂಡು ಅವನು ಮತ್ತೆ ಆ ಮಾತೆತ್ತಲಿಲ್ಲ.

ಈಗ ಸಿನಿಮಾ ಮುಗಿದು ಇಬ್ಬರೂ ಮೆಟ್ಟಿಲ ಬಳಿ ನಿಂತರು. ಅವಳ ಬೆರಳಲ್ಲಿ ಹೊಸ ಉಂಗುರ.

"ಹುಲಿಯೂರುದುರ್ಗದವ್ರು. ಒಳ್ಳೆಯವ್ರು" ಎಂದಳು, ಅವನು ಕೇಳುವ ಮೊದಲೇ.

"ಅವತ್ತೊಂದಿನ ಮಾತ್ರ ಯಾಕೆ ನಗ್ಲಿಲ್ಲ ನೀನು?"

"ನಿಜ ಹೇಳ್ತಿದೀಯ ಅಂದ್ಕೊಂಡೆ. ಕಟ್ ಅಂದ್ಮೇಲೆ ಮೊದ್ಲು ನಕ್ಕಿದ್ದು ನೀನೇ ಕಣೋ."

"ಇಂಪನಾ, ಅದು ನಿಜಾನೇ..."

ಅವಳು ತುಟಿ ಕಚ್ಚಿದಳು. ಈ ಸಲ ನಗು ತಡೆಯಲು ಅಲ್ಲ.

"ಆಗ್ಲೇ ಹೇಳಿದ್ರೆ ಏನಂತಿದ್ದೆ ನೀನು?" ಎಂದ.

"ಈಗ್ಯಾಕೋ ಅದು. ಬಸ್ಸಿಗೆ ಹೊತ್ತಾಯ್ತು, ಬರ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಸಿನಿಮಾ ಚೆನ್ನಾಗಿದೆ. ನನ್ನ ನಗು ತೆಗೀಬೇಡ."

ಮರುದಿನ ಗುಬ್ಬಿಯ ಮನೆಯಲ್ಲಿ ಸಂಗಮೇಶ್ ಆ ಶಾಟಿನ ಮೂಲ ಫೈಲ್ ತೆರೆದ. ಎಡಿಟ್ ಮಾಡುವಾಗ 'ಕಟ್' ಎಂಬಲ್ಲಿಗೇ ಕತ್ತರಿಸಿದ್ದ. ತನ್ನ ಆ ನಗುವನ್ನು ಕೇಳಲಾರದೆ ಅದರಾಚೆಗೆ ಹೋಗಿಯೇ ಇರಲಿಲ್ಲ.

ಹೆಡ್‌ಫೋನ್ ಹಾಕಿಕೊಂಡ. ಕಟ್. ಒಂದು ಗಳಿಗೆ ಮೌನ. ಆಮೇಲೆ ಮೆಲ್ಲಗೆ, ಮೈಕ್ ಹಿಡಿದವಳ ದನಿ:

"ಹೂಂ."

ಅದರ ಮೇಲೆ, ಅದು ಮುಗಿಯುವ ಮೊದಲೇ, ಅವನದೇ ನಗು.