ಮಾಸದ ಗೆರೆ

“ಬರಿಗೈಲೆ ಮುಟ್ಟಬ್ಯಾಡ್ರಿ ಮಾಸ್ತರ್ರ,” ಎಂದಳು ಯಂಕವ್ವ. “ಅದು ಚಿತ್ರ ಅಲ್ಲ, ಮಾಟ. ಕೈಗೆ ಹತ್ತಿದ್ದು ಮೈಗೆ ಹತ್ತತೈತಿ.”

ಬೇವೂರಿನ ಶಾಲೆಗೆ ಚಿತ್ರಕಲಾ ಶಿಕ್ಷಕನಾಗಿ ಮೈಸೂರಿನಿಂದ ಬಂದು, ಅವಳ ಮನೆಯ ಮುಂಗೋಣೆಯನ್ನು ಬಾಡಿಗೆಗೆ ಹಿಡಿದು ಇನ್ನೂ ವಾರ ಕಳೆಯದ ಸಿದ್ಧಾರ್ಥ ನಕ್ಕನು. ಕರ್ಪೂರದ ಮಸಿ ಮೆತ್ತಿದ ದೇವರ ಮಾಡದಲ್ಲಿ ಆ ಕಾಗದವಿತ್ತು. ಅದರ ತುಂಬ ಬಿಳುಪು, ನಡುವೆ ಇದ್ದಿಲಿನ ಮಸುಕು ಗೆರೆಗಳು ನಾಲ್ಕಾರು. ಅರ್ಧ ಗದ್ದ, ಕೊರಳಿನ ಒಂದು ಬಾಗು. ಅಷ್ಟರಲ್ಲಿಯೇ ಒಬ್ಬ ಹೆಣ್ಣುಮಗಳು ಉಸಿರು ಬಿಗಿಹಿಡಿದು ನಿಂತಂತಿತ್ತು.

“ಮಾಟ ಮಾಡಿದವನ ಕೈ ಚೆನ್ನಾಗಿದೆಯಮ್ಮ. ಎಷ್ಟು ಬೇಕೋ ಅಷ್ಟೇ ಎಳೆದಿದ್ದಾನೆ.”

“ನಗ್ರಿ, ನಗ್ರಿ. ನಿಮ್ಮ ಮಗಳಾಗಿದ್ರ ನಗ್ತಿದ್ರೇನು? ಲಗ್ನಕ್ಕ ಒಲ್ಲೆ ಅಂದಳಂತ, ಕೇಳಾಕ ಬಂದವ ನನ್ನ ಮಗಳ ಪೂರಾ ಮೈ ಬರೆಸಿದ್ದ; ಅವತ್ತ ಕಾಲು, ಮಾತು ಎರಡೂ ಹೋದ್ವು. ಏಳು ವರ್ಷ ಆತು, ಅಮಾಸಿಗೊಮ್ಮೆ ದೇವಿ ಭಂಡಾರದ ಅರಿಷಿಣ ಹಚ್ಚಿದ ಅರಿವಿಲೆ ಒರೆಸಾಕ ಹತ್ತೀನಿ. ಕಾಲು ಅಳಿಸಿದ ಮ್ಯಾಲೆ ಹುಲಿಗವ್ವ ನಡದಾಳ. ಇನ್ನ ಮಾತಷ್ಟ ಬರಬೇಕು.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಹುಲಿಗವ್ವ ತಲೆಯೆತ್ತಿ ಅವನನ್ನು ನೋಡಿದಳು. ಮೂಗಿಯ ಕಣ್ಣುಗಳಲ್ಲಿ ಅದನ್ನು ಮುಟ್ಟಬೇಡಿರೆಂಬ ಮೊರೆಯಿತ್ತು.

ಅವನು ಕಂಡದ್ದು ಗೆರೆಗಳನ್ನು ಮಾತ್ರ. ಇಂಥ ಕೃತಿ ಧೂಳಾಗಿ ಹೋಗಬಾರದು. ಮರುದಿನ ತಾಯಿ ಮಗಳು ಹೊಲಕ್ಕೆ ಹೋದಾಗ, ಇದ್ದಿಲ ಚಿತ್ರ ಅಳಿಯದಂತೆ ಕಾಯುವ ಅರಗಿನ ದ್ರಾವಣವನ್ನು ಅದರ ಮೇಲೆ ಸಿಂಪಡಿಸಿದನು. ಗೆರೆಗಳು ಕಾಗದವನ್ನು ಕಚ್ಚಿಕೊಂಡವು.

ಅಮಾವಾಸ್ಯೆಯ ಬೆಳಗ್ಗೆ ಯಂಕವ್ವ ಒರೆಸಿದಳು. ಮತ್ತೆ ಒರೆಸಿದಳು. ಅರಿವೆಗೆ ಕಪ್ಪು ಹತ್ತಲಿಲ್ಲ. ಅತ್ತ ಹುಲಿಗವ್ವನ ಗಂಟಲು ಬಿಗಿಯಿತು. ಕುಡಿದ ನೀರು ಮೂಗಿನಿಂದ ಹೊರಬಂತು.

“ನನ್ನ ಮಡಿಯೊಳಗ ಏನೋ ತಪ್ಪಾತ್ರಿ.” ಯಂಕವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. “ಮಗಳನ್ನ ನಾನ ಕೊಂದೆ.”

ತಪ್ಪು ಯಾರದೆಂಬುದು ಸಿದ್ಧಾರ್ಥನೊಬ್ಬನಿಗೇ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದುದನ್ನು ಅವನು ನುಂಗಿಕೊಂಡನು. ಕಾಗದವನ್ನು ಕಸಿದು ಕೋಣೆಯ ಬಾಗಿಲಿಕ್ಕಿದನು.

ಸ್ಪಿರಿಟ್ ಸುರಿದನು. ಅರಗು ಕರಗಿತು. ಸುಟ್ಟ ಕೂದಲಿನ ನಾತ ಎದ್ದಿತು. ಹೊರಗೆ ಹುಲಿಗವ್ವನ ಗೊರಗೊರ ಸದ್ದು. ಅರಿವೆ ಹುಡುಕಲು ಪುರುಸೊತ್ತಿಲ್ಲ. ಬರಿ ಹೆಬ್ಬೆರಳಿನಿಂದ ತಿಕ್ಕಿದನು. ಗದ್ದ ಹೋಯಿತು. ಕೊರಳು ಹೋಯಿತು. ಕಾಗದ ಬೆಳ್ಳಗಾಯಿತು. ಹೊರಗಿನ ಸದ್ದು ನಿಂತಿತು. ಬೆರಳು ಕಪ್ಪು. ಆ ಕಪ್ಪು ಚಲಿಸಿತು. ಮಣಿಕಟ್ಟು. ಮೊಳಕೈ. ಹೆಗಲು. ತಣ್ಣನೆಯದೊಂದು ಬಾಗು ಅವನ ಗಂಟಲನ್ನು ಸುತ್ತಿ ನಿಂತಿತು.

ಬಾಗಿಲು ತೆರೆದಾಗ ಯಂಕವ್ವ ಅವನ ಕಾಲಿಗೆ ಬಿದ್ದಳು. ಅವಳ ಹಿಂದೆ ಹುಲಿಗವ್ವ ನಿರಾಳವಾಗಿ ಉಸಿರಾಡುತ್ತಿದ್ದಳು.

“ದೇವರಂಗ ಬಂದ್ರಿ ಮಾಸ್ತರ್ರ. ಪಾಪ ನಂದು, ಪುಣ್ಯ ನಿಮ್ಮದು.”

ಅಲ್ಲ, ತಪ್ಪು ನನ್ನದು. ಅಷ್ಟನ್ನು ಹೇಳಿದರೆ ಸಾಕಿತ್ತು. ಅವನು ಬಾಯಿ ತೆರೆದನು. ದನಿ ಹೊರಡಲಿಲ್ಲ. ಮತ್ತೆ ತೆರೆದನು.

ಏಳು ವರ್ಷಗಳ ಬಳಿಕ ಹುಲಿಗವ್ವ ಮೊದಲ ಮಾತನ್ನಾಡಿದಳು.

“ಯವ್ವಾ, ಮಾಸ್ತರು ಏನೋ ಹೇಳಾಕ ಹತ್ಯಾರ.”