ಫ್ರಿಜ್ಜಿನಲ್ಲಿದ್ದ ಎರಡನೇ ಸೀಸೆ

"ಅಯ್ಯೋ, ವಿಷ! ಇವಳು ನನಗೆ ವಿಷ ಚುಚ್ಚಿಬಿಟ್ಲು... ಮಗಾ, ಓಡಿ ಬಾರೋ!"

ತಿಂಡಿಯ ತಟ್ಟೆ ಬಿಟ್ಟು ಎದ್ದ ಅತ್ತೆ ಬಚ್ಚಲು ಸೇರುವ ಮೊದಲೇ ವಾಂತಿ ಮಾಡಿಕೊಂಡು, ಉಸಿರು ಸಿಕ್ಕ ಕೂಡಲೇ ಕೂಗಿದ್ದು ಹೀಗೆ. ಮುಖ, ಕಿವಿ, ಕತ್ತು ಎಲ್ಲ ಕೆಂಪೇರಿದ್ದವು. ನೀರಿನ ಚೊಂಬು ಹಿಡಿದು ಹತ್ತಿರ ಬಂದ ಸೊಸೆಯ ಕೈಯನ್ನು ಆಕೆ ತಳ್ಳಿದರು. ಕೆಲಸಕ್ಕೆ ಹೊರಟಿದ್ದ ಮಗ ಅಂಗಿಯ ಗುಂಡಿ ಅರ್ಧಕ್ಕೇ ಬಿಟ್ಟು ಓಡಿ ಬಂದ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನಿಗೆ ತಲೆಬುಡ ಗೊತ್ತಾಗಲಿಲ್ಲ.

"ಏನು ಕೊಟ್ಟೆ?"

"ದಿನಾ ಕೊಡೋ ಇನ್ಸುಲಿನ್ನೇ ರೀ... ಇನ್ನೇನು ಕೊಡ್ಲಿ?"

ಅತ್ತೆಗೆ ಸಕ್ಕರೆ ಕಾಯಿಲೆ. ಕಣ್ಣಿಗೆ ಪೊರೆ ಬಂದಮೇಲೆ ಸಿರಿಂಜಿನ ಗೆರೆ ಕಾಣದಾಗಿ, ಚುಚ್ಚುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತು. ಸೂಜಿ ಹೊಟ್ಟೆಯೊಳಗಿರುವಷ್ಟು ಹೊತ್ತೂ ಅತ್ತೆಯ ಬಾಯಿ ಸುಮ್ಮನಿರುತ್ತಿರಲಿಲ್ಲ. "ಮಗು ಎತ್ತಿ ಆಡಿಸಿದ ಕೈಯಾಗಿದ್ರೆ ಮೆತ್ತಗಿರ್ತಿತ್ತು" ಎನ್ನುವುದು ಬೆಳಗಿನ ಮಾತು. ಸಂಜೆಯ ಮಾತು ಇನ್ನೂ ಖಾರ. ಮದುವೆಯಾಗಿ ನಾಲ್ಕು ವರ್ಷ, ಸೊಸೆ ಒಂದು ಸಲವೂ ಎದುರುತ್ತರ ಕೊಟ್ಟವಳಲ್ಲ.

ಹಿಂದಿನ ದಿನ ಅತ್ತೆ ತಾವೇ ಫ್ರಿಜ್ಜು ತೊಳೆದಿದ್ದರು. ತರಕಾರಿ ಡಬ್ಬದ ಅಡಿಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಸೀಸೆ ಸಿಕ್ಕಿತ್ತು. ಅಕ್ಷರ ಕಾಣದಿದ್ದರೂ ಇನ್ಸುಲಿನ್ನಿನ ನೀಲಿ ಪಟ್ಟಿ ಅವರಿಗೆ ಗುರುತು. "ಒಂದು ಮುಗಿಯೋಕೆ ಮುಂಚೆ ಇನ್ನೊಂದು ಒಡೆದಿದ್ದಾಳೆ ಮಹಾರಾಣಿ. ಮೊದಲು ಇದನ್ನ ಖಾಲಿ ಮಾಡು" ಎಂದು ಬೆಳಿಗ್ಗೆ ಅದನ್ನೇ ಸೊಸೆಯ ಕೈಗೆ ಕೊಟ್ಟಿದ್ದರು. ತಾನು ಒಡೆದದ್ದು ಯಾವಾಗ ಎಂದು ಸೊಸೆಗೆ ನೆನಪಾಗಲಿಲ್ಲ. "ಅತ್ತೆ, ಈ ಬಾಟಲಿ ಯಾಕೋ ಚಿಕ್ಕದು" ಎಂದಿದ್ದಳು. "ಬಾಟಲಿ ಚಿಕ್ಕದು ಮಾಡಿ ರೇಟು ದೊಡ್ಡದು ಮಾಡಿರ್ತಾರೆ. ಚುಚ್ಚು, ಹಸಿವಾಗ್ತಿದೆ" ಎಂದು ಅತ್ತೆ ಗದರಿದ್ದರು. ಪಟ್ಟಿಯ ಮೇಲೆ ಹೆಸರು ಸರಿಯಾಗಿತ್ತು. ಚುಚ್ಚಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೂ ಗೊಂದಲ. ರಕ್ತದೊತ್ತಡ ಏರಿದೆ. ಸಕ್ಕರೆಯೂ ಏರಿದೆ. "ಇನ್ಸುಲಿನ್ ಒಳಗೆ ಹೋಗಿದ್ರೆ ಸಕ್ಕರೆ ಇಷ್ಟಿರಬಾರದು. ಮುಖ ಯಾಕೆ ಇಷ್ಟು ಕೆಂಪು? ಚುಚ್ಚಿದ ಬಾಟಲಿ ತಂದಿದ್ದೀರಾ?" ಸೊಸೆ ಸೆರಗಿನ ತುದಿಯಲ್ಲಿ ಸುತ್ತಿಟ್ಟುಕೊಂಡಿದ್ದ ಸೀಸೆಯನ್ನು ಮಂಚದ ಪಕ್ಕದ ಮೇಜಿನ ಮೇಲಿಟ್ಟಳು.

ಮಗ ಅದನ್ನು ನೋಡಿದ.

ಅದು ಅವನ ಸೀಸೆ. ಮದುವೆಯಾದ ಮರುವರ್ಷದಿಂದ ಅವನ ಗಂಡಸುತನ ಕೈಕೊಟ್ಟಿತ್ತು. ಔಷಧದಂಗಡಿಯ ಮಾತ್ರೆಯಿಂದ ತಲೆನೋವು ಬಂತು, ಬರಬೇಕಾದದ್ದು ಬರಲಿಲ್ಲ. ಡಾಕ್ಟರ ಮುಂದೆ ಕೂತು ಹೇಳಲು ನಾಲಿಗೆ ಏಳಲಿಲ್ಲ. ಆಗ ಸಿಕ್ಕವನು ಜಿಮ್ ಮಾಸ್ತರ. "ಮಾತ್ರೆ ಹೋಗೋದು ರಕ್ತನಾಳಕ್ಕೆ ಗುರು. ಪೆಪ್ಟೈಡ್ ಇಂಜೆಕ್ಷನ್ ಹೋಗೋದು ನೇರ ಮೆದುಳಿಗೆ! ಗುಮಾಸ್ತನ್ನ ಬಿಟ್ಟು ಸಾಹೇಬರಿಗೇ ಅರ್ಜಿ ಕೊಟ್ಟ ಹಾಗೆ" ಎಂದು ಪುಡಿಯಿದ್ದ, ಹೆಸರಿನ ಪಟ್ಟಿಯಿಲ್ಲದ ಒಂದು ಬೋಳು ಸೀಸೆ ಕೊಟ್ಟಿದ್ದ. ನೀರು ಬೆರೆಸಿ ತಣ್ಣಗಿಡಬೇಕು. ಮನೆಗೆ ಇರುವುದು ಒಂದೇ ಫ್ರಿಜ್ಜು. ಅದನ್ನು ಎಲ್ಲರೂ ತೆಗೆಯುತ್ತಾರೆ. ಅಂಗಡಿಯಲ್ಲಿ ಕನ್ನಡಕದ ಗಾಜು ಕತ್ತರಿಸಿ ಉಜ್ಜುವ ಅವನ ಬೆರಳಿಗೆ ಅದೊಂದು ಕಷ್ಟವೇ? ಅಮ್ಮನ ಖಾಲಿ ಸೀಸೆಯ ಪಟ್ಟಿಯನ್ನು ಹಬೆಯಲ್ಲಿ ಬಿಡಿಸಿ, ಅಳತೆಗೆ ಕತ್ತರಿಸಿ, ಇದಕ್ಕೆ ಅಂಟಿಸಿದ್ದ. ಯಾರ ಕಣ್ಣಿಗಾದರೂ ಬಿದ್ದರೆ ಅಮ್ಮನ ಔಷಧಿ ಅಂದುಕೊಳ್ಳಲಿ ಎಂದು. ಯಾರಾದರೂ ನಿಜವಾಗಿ ಹಾಗೆಯೇ ಅಂದುಕೊಂಡರೆ ಏನು ಗತಿ ಎಂದು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದ ಅವನ ಅಕ್ಕ ಚಪ್ಪಲಿ ಬಡಿಯುತ್ತ ಬಂದಳು. "ಎಲ್ಲಿ ಅವಳು? ಅಮ್ಮ ಎರಡು ಮಾತು ಅಂದ್ರೆ ಪ್ರಾಣ ತೆಗೀತೀಯೇನೇ? ಮೊದಲು ಪೊಲೀಸಿಗೆ ಫೋನ್ ಮಾಡ್ತೀನಿ, ಆಮೇಲೆ ನಿನ್ನ ಅಪ್ಪನಿಗೆ!"

ಸೊಸೆಯ ಕಿವಿಗೆ ಅದು ಬೀಳುತ್ತಿರಲಿಲ್ಲ. ಅವಳು ಅತ್ತೆಯ ಕೆಂಪು ಮುಖವನ್ನೇ ನೋಡುತ್ತಿದ್ದಳು. ಈ ಕೆಂಪನ್ನು ಎಲ್ಲೋ ನೋಡಿದ್ದೇನೆ... ಎಲ್ಲಿ? ರಜೆಯ ದಿನಗಳಲ್ಲಿ ಗಂಡ ಹೀಗೇ ಕೆಂಪಾಗಿ, ವಾಂತಿ ಮಾಡಿ, "ಪಿತ್ತ ಕಣೇ" ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದುಂಟು. ತನ್ನನ್ನು ಕಂಡರೇ ಅವನಿಗೆ ಹೇಸಿಗೆ ಎಂದುಕೊಂಡಿದ್ದಳು. ಅವಳು ಸೀಸೆ ಎತ್ತಿ ಪಟ್ಟಿಯ ಅಂಚು ನೋಡಿದಳು. ಕೊನೆಯ ಸಾಲು ಕತ್ತರಿಸಿ ಹೋಗಿತ್ತು. ಕೂದಲೆಳೆಯಷ್ಟೂ ಸೊಟ್ಟಗಿಲ್ಲದ ಅಂಚು. ಹಾಗೆ ಕತ್ತರಿಸುವ ಕೈ ಅವಳಿಗೆ ತಿಳಿದ ಮಟ್ಟಿಗೆ ಒಂದೇ. ತಲೆಯೆತ್ತಿ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ.

"ಬಾಯಿ ಬಿಡೇ!" ಅಕ್ಕ ಅವಳ ತೋಳು ಹಿಡಿದು ಅಲುಗಾಡಿಸಿದಳು.

"ನಂದೇ ತಪ್ಪು..." ಎಂದಳು ಸೊಸೆ. "ಬಾಟಲಿ ಸರಿಯಾಗಿ ನೋಡ್ಲಿಲ್ಲ."

ಮಗನಿಗೆ ಆ ಕ್ಷಣ ಏನಾಯಿತು? ನಾಚಿಕೆಯಲ್ಲ, ದುಃಖವಲ್ಲ. ಬಚಾವಾದೆ ಅನ್ನಿಸಿತು. ಎದೆಯ ಮೇಲಿನ ಭಾರ ಇಳಿದಂತಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಎಲ್ಲ ಅವಳ ತಲೆಗೆ ಹೋಗುತ್ತದೆ... ಎಂದಿನಂತೆ.

"ನೋಡಿದ್ರಾ, ಒಪ್ಕೊಂಡ್ಲು!" ಮಂಚದಿಂದ ಅತ್ತೆ ಅಳುತ್ತಾ ಕೂಗಿದರು. "ಹೆರೋ ಯೋಗ್ಯತೆ ಇಲ್ಲ, ಕೊಲ್ಲೋ ಯೋಗ್ಯತೆ ಇದೆ! ಇವಳನ್ನ ಕರ್ಕೊಂಡು ಹೋಗಿ... ನನ್ನ ಮಗನಿಗೆ ಇನ್ನೊಂದು ಹೆಣ್ಣು ನೋಡ್ತೀನಿ!"

"ಅಮ್ಮ, ಕಿರುಚಬೇಡಿ" ಎಂದರು ಡಾಕ್ಟರಮ್ಮ. "ನೋಡಿ, ಒಳಗೆ ಹೋಗಿರೋದು ಏನು ಅಂತ ಗೊತ್ತಾಗದೆ ನಾನು ಕತ್ತಲಲ್ಲಿ ತಡಕಾಡ್ತಿದ್ದೀನಿ. ಯಾರಿಗಾದ್ರೂ ಗೊತ್ತಿದ್ರೆ ಈಗಲೇ ಹೇಳಿ."

ಅಕ್ಕ ಫೋನ್ ಕಿವಿಗೆ ಹಿಡಿದಳು. ಮಗನ ತಲೆಯಲ್ಲಿ ಅಮ್ಮನ ಮಾತೇ ಸುತ್ತುತ್ತಿತ್ತು: ಇನ್ನೊಂದು ಹೆಣ್ಣು! ಆ ಹೆಣ್ಣಿನ ಮುಂದೆಯೂ ಗೋಡೆಗೆ ತಿರುಗಿ ಮಲಗಬೇಕೆ? ಅವನ ಬಾಯಿಂದ ಮಾತು ಹೇಗೆ ಹೊರಬಿತ್ತೋ!

"ಫೋನ್ ಇಡು ಅಕ್ಕ. ಅದು ನನ್ನ ಔಷಧಿ."

"ನಿಂದಾ? ನಿಂಗೇನಾಗಿದೆ?"

"ಪೆಪ್ಟೈಡ್ ಅಂತ..."

"ಅದೇನು ಜ್ವರಕ್ಕಾ?" ಅತ್ತೆ ಕಣ್ಣು ಕಿರಿದು ಮಾಡಿದರು. "ಸರಿಯಾಗಿ ಹೇಳೋ!"

"ಹೆಂಡತಿ ಜೊತೆ ಇರೋಕೆ... ನನಗೆ ಆಗಲ್ಲಮ್ಮ! ಮೂರು ವರ್ಷ ಆಯ್ತು. ಅದಕ್ಕೆ ತಂದಿದ್ದು. ಪಟ್ಟಿ ಅಂಟಿಸಿದ್ದೂ ನಾನೇ. ಅವಳಿಗೆ ಏನೂ ಗೊತ್ತಿಲ್ಲ... ನಿನಗೆ ಮೊಮ್ಮಕ್ಕಳನ್ನ ಕೊಡದೇ ಇರೋನು ನಾನು!"

ಪರದೆಯ ಆಚೆ ಮಂಚದ ರೋಗಿ ಕೆಮ್ಮು ನಿಲ್ಲಿಸಿದ. ಅಕ್ಕ ಫೋನನ್ನು ಮೆಲ್ಲಗೆ ಚೀಲಕ್ಕಿಳಿಸಿ, "ಹೊರಗೆ... ನೀರು ಸಿಗುತ್ತಾ ನೋಡ್ತೀನಿ" ಎಂದು ಜಾಗ ಖಾಲಿ ಮಾಡಿದಳು. ಮಂಚದ ಪಕ್ಕದಲ್ಲೇ ತುಂಬಿದ ನೀರಿನ ಜಗ್ಗಿತ್ತು.

ಡಾಕ್ಟರಮ್ಮ ಮಾತ್ರ ಹಗುರಾದರು. "ಈಗ ದಾರಿ ಕಾಣ್ತು. ನೀವು ಹೇಳಿದ್ದೇ ಇದ್ರಲ್ಲಿ ಇದ್ರೆ ವಾಂತಿ, ಕೆಂಪು, ಬಿಪಿ ಎಲ್ಲಕ್ಕೂ ಲೆಕ್ಕ ಸಿಗುತ್ತೆ. ಆದ್ರೆ ಒಳಗೆ ನಿಜವಾಗಿ ಏನಿದೆ ಅಂತ ಮಾರಿದವನಿಗೇ ಗೊತ್ತಿರಲ್ಲ. ಇವರು ಇವತ್ತು ಇಲ್ಲೇ ಇರ್ಲಿ. ಪೆಪ್ಟೈಡ್ ಬಗ್ಗೆ ಸಂಶೋಧನೆ ನಡೀತಿದೆ, ಸುಳ್ಳಲ್ಲ. ಅದಕ್ಕೆ ಅಂತ ಬೋಳು ಬಾಟಲಿ ಚುಚ್ಕೋತಾರೇನ್ರಿ?" ಆಮೇಲೆ ಅವನನ್ನೇ ದಿಟ್ಟಿಸಿದರು. "ನಿಮ್ಮ ಸಕ್ಕರೆ ಯಾವಾಗ ನೋಡಿಸಿದ್ರಿ?"

"ನನಗೆ ಸಕ್ಕರೆ ಇಲ್ಲ."

"ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ.

"ತಾಯಿಗೆ ಇದೆ. ಗಂಡಸರಿಗೆ ಎಷ್ಟೋ ಸಲ ಸಕ್ಕರೆ ಮೊದಲು ತೊಂದರೆ ಕೊಡೋದೇ ಅಲ್ಲಿ. ಅದೇ ಕಾರಣ ಅಂತಲ್ಲ. ನೋಡದೆ ಹೇಗೆ ಗೊತ್ತಾಗುತ್ತೆ?"

ಸಂಜೆಗೆ ಅತ್ತೆಯ ಮುಖದ ಕೆಂಪು ಇಳಿದಿತ್ತು. ಇನ್ಸುಲಿನ್ ತಂದ ನರ್ಸಿಗೆ ಆಕೆ ಕೈ ಅಡ್ಡ ಹಿಡಿದರು. "ನೀನು ಬೇಡಮ್ಮ. ಇವಳು ಕೊಡ್ಲಿ."

ಸೊಸೆ ಸೀಸೆ ಎತ್ತಿ ಪಟ್ಟಿ ಓದಿದಳು. ಮತ್ತೆ ಓದಿದಳು. ಉಗುರಿನಿಂದ ಅದರ ಅಂಚು ಕೆರೆದು, ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸಿರಿಂಜು ತುಂಬಿಸಿದಳು. ಸೂಜಿ ಒಳಗಿರುವಷ್ಟು ಹೊತ್ತೂ ಅತ್ತೆ ಮಾತಾಡಲಿಲ್ಲ. ತೆಗೆದ ಮೇಲೆ ಗೋಡೆ ನೋಡುತ್ತ ಕೇಳಿದರು: "ಇಷ್ಟು ದಿನ ಅಂದೆನಲ್ಲ... ಒಂದು ಸಲ ನನ್ನ ಬಾಯಿ ಮುಚ್ಚಿಸೋಕೆ ಏನಾಗಿತ್ತೇ ನಿಂಗೆ?"

"ಅದು ನಿಮ್ಮ ಮಗ ಹೇಳಬೇಕಾದ ಮಾತಾಗಿತ್ತು ಅತ್ತೆ. ನಾನು ಹೇಳೋ ಅಂಥದ್ದಲ್ಲ."

ಅತ್ತೆ ಸೊಸೆಯ ಮಣಿಕಟ್ಟು ಹಿಡಿದರು. ಸೊಸೆ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. "ಅವನದೂ ನೋಡು" ಎಂದರು ಅತ್ತೆ, ಸಕ್ಕರೆ ಅಳೆಯುವ ಯಂತ್ರದ ಕಡೆ ಗದ್ದ ತೋರಿಸಿ.

ಬಾಗಿಲ ಬಳಿ ನಿಂತಿದ್ದವನನ್ನು ಸೊಸೆ ಬೆಳಗಿನಿಂದ ಮಾತಾಡಿಸಿರಲಿಲ್ಲ. ಕ್ಷಮಿಸುತ್ತಾಳೋ, ತವರಿಗೆ ಹೋಗುತ್ತಾಳೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ತಿಳಿಯುತ್ತಿರಲಿಲ್ಲ.

"ಬೆರಳು ಕೊಡಿ" ಎಂದಳು.

ಕೊಟ್ಟ. ಮೂರು ವರ್ಷಗಳಿಂದ ಅವಳ ಸ್ಪರ್ಶಕ್ಕೆ ಹೆದರಿ ಹಿಂದೆ ಸರಿಯುತ್ತಿದ್ದ ಕೈ ಅದು. ಅವಳು ಬಿಗಿಯಾಗಿ ಹಿಡಿದು ಚುಚ್ಚಿದಳು. ರಕ್ತದ ಹನಿಯನ್ನು ಯಂತ್ರ ಹೀರಿಕೊಂಡಿತು. ಅದರ ಸಣ್ಣ ಪರದೆಯಲ್ಲಿ ಇನ್ನೂ ಅಂಕಿ ಮೂಡಿರಲಿಲ್ಲ. ಮೂವರೂ ತಲೆ ಬಗ್ಗಿಸಿ ಅದನ್ನೇ ನೋಡುತ್ತಿದ್ದರು.