ಹೋಲಿಸದೆ ಬಿಟ್ಟ ಉತ್ತರಗಳು

"ಮತ್ತೆ ಓಡಿಸಿ," ಎಂದರು ಇನ್‌ಸ್ಪೆಕ್ಟರ್.

ಆಪರೇಟರ್ ಕಪ್ಪು ಪರದೆಯ ಮೇಲೆ ಅದೇ ಕಮಾಂಡನ್ನು ಮತ್ತೆ ಟೈಪ್ ಮಾಡಿ ಎಂಟರ್ ಒತ್ತಿದ. ಅದೇ ಫಲಿತಾಂಶ: ಎರಡು ಪ್ರೋಗ್ರಾಂಗಳೂ ಬಹುಪಾಲು ಒಂದೇ.

"ಯಾರು ಯಾರದ್ದನ್ನ ಕದ್ದರು ಅಂತ ಹೇಳುತ್ತಾ?"

"ಇಲ್ಲ ಸಾರ್. ಒಂದೇ ತರ ಇದೆ ಅಂತ ಮಾತ್ರ ಹೇಳುತ್ತೆ."

"ಅಷ್ಟು ನನ್ನ ಕಣ್ಣಿಗೂ ಕಾಣುತ್ತಲ್ರೀ! ಇದಕ್ಕೆ ಕರೆಂಟು ಬೇರೆ ದಂಡ."

ಬೆಳಿಗ್ಗೆ ಪ್ರೋಗ್ರಾಮಿಂಗ್ ಸ್ಪರ್ಧೆಯ ಸಂಘಟಕರು ತಮ್ಮ ಆಪರೇಟರನ್ನು ಕರೆದುಕೊಂಡು ಠಾಣೆಗೆ ಬಂದು ದೂರು ಕೊಟ್ಟಿದ್ದರು. ಸ್ಪರ್ಧಿಗಳು ಬರೆದು ಕಳಿಸಿದ್ದನ್ನು ಸರ್ವರ್ ಪರೀಕ್ಷಿಸಿ ಸರಿ ಅಥವಾ ತಪ್ಪು ಎನ್ನುತ್ತದೆ. ಕೊನೆಯ ಲೆಕ್ಕ ಬಿಡಿಸಿದವರು ಇಬ್ಬರೇ: ಮೊದಲು ಒಬ್ಬ ಹುಡುಗ, ಸ್ವಲ್ಪ ಹೊತ್ತಿಗೆ ಒಬ್ಬಳು ಹುಡುಗಿ. ಹೋಲಿಸುವ ಟೂಲು ಎರಡೂ ಒಂದೇ ಎಂದಿತ್ತು. ನಂತರ ಕಳಿಸಿದವಳೇ ಸರ್ವರಿಗೆ ನುಗ್ಗಿ ಕದ್ದಿದ್ದಾಳೆಂದು ಎಫ್ಐಆರ್ ದಾಖಲಾಗಿತ್ತು. ಗೆದ್ದವರಿಗೆ ಕಾಲೇಜಿನಲ್ಲಿ ಶುಲ್ಕವಿಲ್ಲದ ಸೀಟು. ಹುಡುಗಿಗೆ ಮುಂದೆ ಓದಲು ಬೇರೆ ದಾರಿಯಿರಲಿಲ್ಲ.

ಹುಡುಗಿ ಚಿಕ್ಕಮ್ಮನ ಜೊತೆ ಬೆಂಚಿನ ಮೇಲೆ ಕುಳಿತಿದ್ದಳು.

"ನಮ್ಮ ಹುಡುಗಿ ಸಕ್ಕರೆ ಡಬ್ಬಿ ಮುಟ್ಟೋಕೂ ಕೇಳ್ತಾಳೆ ಸಾರ್," ಎಂದಳು ಚಿಕ್ಕಮ್ಮ.

"ಸಕ್ಕರೆ ಕೇಸಲ್ಲಮ್ಮ ಇದು. ಏನಮ್ಮ, ಒಂದೇ ಸಲಕ್ಕೆ ಬರೆದೆಯಾ?"

"ಇಲ್ಲ ಸಾರ್. ಐದು ಸಲ ತಪ್ಪಾಯ್ತು. ಆಮೇಲೆ ಸರಿಯಾಯ್ತು."

ಇನ್‌ಸ್ಪೆಕ್ಟರ್ ಆಪರೇಟರ್ ಕಡೆ ತಿರುಗಿದರು. "ಆ ಐದು ಎಲ್ಲಿ?"

"ಟೂಲು ಸರಿ ಉತ್ತರಗಳನ್ನ ಮಾತ್ರ ನೋಡುತ್ತೆ ಸಾರ್. ತಪ್ಪನ್ನ ಯಾರು ಕದೀತಾರೆ?"

"ಅದು ನೋಡಲ್ವೋ, ನೀವು ನೋಡೋಕೆ ಹೇಳಿಲ್ವೋ?"

ಆಪರೇಟರ್ ಕೈ ಕೀಬೋರ್ಡಿನ ಮೇಲೆಯೇ ನಿಂತಿತು.

"ಬೆರಳಿಗೆ ಲಕ್ವ ಹೊಡೀತಾ? ಒತ್ತಿ."

ಹುಡುಗನ ಹಿಂದಿನ ಪ್ರಯತ್ನಗಳು ಯಾವುದಕ್ಕೂ ಹೊಂದಲಿಲ್ಲ. ಅವನ ಸರಿ ಉತ್ತರ ಮಾತ್ರ ಹುಡುಗಿಯ ಐದನೇ ತಪ್ಪು ಉತ್ತರಕ್ಕೆ ಹೊಂದಿತು. ವ್ಯತ್ಯಾಸ ಒಂದೇ ಸಾಲು. ಅವಳು ಅದನ್ನು ಕಳಿಸಿದ್ದು ಅವನಿಗಿಂತ ಮೊದಲು.

"ಅವಳ ತಪ್ಪು ಉತ್ತರ ಯಾರಿಗೆ ಕಾಣುತ್ತೆ?"

"ಅವಳಿಗೆ."

"ಮತ್ತೆ?"

ಅಷ್ಟು ಹೊತ್ತು ಫೋನು ನೋಡುತ್ತಿದ್ದ ಸಂಘಟಕರು ತಲೆಯೆತ್ತಿ ಆಪರೇಟರ್ ಕಡೆ ಕೈ ತೋರಿಸಿದರು. "ಇವರಿಗೆ. ಸರ್ವರ್ ಇವರ ಕೈಯಲ್ಲೇ ಇರೋದು."

"ಆ ಹುಡುಗ ನಿಮಗೇನಾಗಬೇಕು?"

ಆಪರೇಟರ್ ಕೀಬೋರ್ಡಿನಿಂದ ಕೈ ತೆಗೆದ. "ಅಕ್ಕನ ಮಗ."

"ಇದನ್ನ ಬೆಳಿಗ್ಗೆಯೇ ಹೇಳಿದ್ರೆ ನನ್ನ ಊಟವಾದರೂ ಆಗ್ತಿತ್ತು."

ಸರ್ವರ್ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಹುಡುಗಿಯ ಐದನೇ ಫೈಲನ್ನು ಸ್ಪರ್ಧೆಯ ನಡುವೆ ತೆರೆದದ್ದು ಆಪರೇಟರನ ಲಾಗಿನ್ನಿನಿಂದ. ಸಂಜೆ 6.10ಕ್ಕೆ ಅವನನ್ನು ಬಂಧಿಸಲಾಯಿತು. ಅಕ್ಕನ ಮಗನಿಗೆ ಚಿಕ್ಕಂದಿನಿಂದ ಹೇಳಿಕೊಟ್ಟವನು ಅವನೇ. ಸ್ಪರ್ಧೆಯ ದಿನ ಹುಡುಗ ಒಂದೇ ಸಮನೆ ತಪ್ಪುವುದನ್ನು ಆಪರೇಟರ್ ಪರದೆಯಲ್ಲಿ ನೋಡುತ್ತಾ ಕುಳಿತಿದ್ದ.

"ಅವಳದ್ದರಲ್ಲಿ ಒಂದು ಸಾಲು ಬಾಕಿ ಇತ್ತು ಸಾರ್," ಎಂದ ಹೇಳಿಕೆಯಲ್ಲಿ. "ಅವಳಿಗಿಂತ ಮೊದಲು ನನಗೆ ಹೊಳೀತು. ಆಮೇಲೆ ಅಷ್ಟೂ ನಂದೇ ಅನ್ನಿಸಿಬಿಡ್ತು, ಅವನಿಗೆ ಕಳಿಸಿಬಿಟ್ಟೆ."

ಹೊರಗೆ ಸಂಘಟಕರು ಹುಡುಗಿಯ ಮುಂದೆ ಒಂದು ಹಾಳೆ ಹಿಡಿದರು. "ಸೀಟು ನಿಂದೇ ಮಗಳೇ. ಪರಸ್ಪರ ತಪ್ಪು ತಿಳುವಳಿಕೆ ಆಗಿತ್ತು ಅಂತ ಸಹಿ ಹಾಕು, ಸಾಕು. ಇಲ್ಲದಿದ್ರೆ ಹೆಸರು ಕೆಡುತ್ತೆ, ಸ್ಪರ್ಧೆಯನ್ನೇ ರದ್ದು ಮಾಡ್ಬೇಕಾಗುತ್ತೆ. ಆಗ ಸೀಟು ಯಾರಿಗೂ ಇಲ್ಲ."

ಚಿಕ್ಕಮ್ಮ ಪೆನ್ನು ತೆಗೆದುಕೊಂಡು ಅವಳ ಕೈಗಿಡಲು ಹೋದಳು. "ಹಾಕಿಬಿಡೇ. ಓದಬೇಕಲ್ವಾ?"

ಹುಡುಗಿ ಹಾಳೆಯನ್ನು ಪೂರ್ತಿ ಓದಿದಳು.

"ನಾನೇನೂ ತಪ್ಪು ತಿಳಿದುಕೊಂಡಿರಲಿಲ್ಲ. ಹಾಕಲ್ಲ."